ಹೊಸ ಫೋನ್ ಕೊಳ್ಳುವಾಗ ಮೆಗಾಪಿಕ್ಸೆಲ್ ಮುಖ್ಯವೋ, ಅಪ್‌ಡೇಟ್ ಸಿಗುವ ವರ್ಷ ಮುಖ್ಯವೋ?

ಪ್ರಶ್ನೆ: ಸರ್, ನಮಸ್ಕಾರ. ಬ್ಯಾಡಗಿಯೊಳಗ ನಂದು ಬೀಜ-ಗೊಬ್ಬರದ ಅಂಗಡಿ ಐತ್ರಿ. ಈಗಿರೋ ಫೋನ್ 2020ರಾಗ ತಗೊಂಡಿದ್ದು, ಆಂಡ್ರಾಯ್ಡ್ 11ಕ್ಕ ನಿಂತೈತಿ. ಮೊನ್ನೆ ಬ್ಯಾಂಕ್ ಆ್ಯಪ್ ತೆಗೆದ್ರ ‘ನಿಮ್ಮ ಫೋನ್ ಸುರಕ್ಷಿತವಾಗಿಲ್ಲ’ ಅಂತ ಬಂತು. ಹುಬ್ಬಳ್ಳಿಗೆ ಹೋದಾಗ ಕೊಪ್ಪಿಕರ್ ರೋಡಿನ್ಯಾಗ ಎರಡು ಫೋನ್ ನೋಡೇನಿ. ಒಂದು 17,999 ರೂಪಾಯಿ. 108 ಮೆಗಾಪಿಕ್ಸೆಲ್ ಕ್ಯಾಮೆರಾ, 67 ವ್ಯಾಟ್ ಚಾರ್ಜರ್, ಡಬ್ಬಿ ಮ್ಯಾಲೆ 16 ಜಿಬಿ ರ‍್ಯಾಮ್ ಅಂತ ಬರ್ದಾರ. ಮಾರ್ಕೆಟ್ಟಿಗೆ ಬಂದು ಒಂದು ವರ್ಷ ಆತಂತ. ಎರಡು ಆಂಡ್ರಾಯ್ಡ್ ವರ್ಷನ್, ಮೂರು ವರ್ಷ ಸೆಕ್ಯುರಿಟಿ ಕೊಡ್ತಾರ. ಇನ್ನೊಂದು 18,999. 50 ಮೆಗಾಪಿಕ್ಸೆಲ್, 25 ವ್ಯಾಟ್, 8 ಜಿಬಿ, ನೋಡಾಕ ಸಪ್ಪಗ ಐತಿ. ಅದೂ ವರ್ಷದ ಹಿಂದ ಬಂದದ್ದ, ಆದ್ರ ಆರು ವರ್ಷ ಅಪ್‌ಡೇಟ್ ಅಂತ. ಅಂಗಡಿಯವರು ‘ಅಪ್‌ಡೇಟ್ ಯಾರ್ ನೋಡ್ತಾರ್ರಿ, ಎರಡು ವರ್ಷಕ್ಕ ಫೋನ್ ಬದಲಿ ಮಾಡೇ ಮಾಡ್ತೀರಿ’ ಅಂದ್ರು. ನಮ್ಮ ಹುಡುಗ ಹಳೇ ಪ್ರೀಮಿಯಂ ಫೋನ್ ಸೆಕೆಂಡ್ ಹ್ಯಾಂಡ್ ತಗೋ ಅಂತಾನ. ಯಾವುದು ತಗೊಳ್ಳಲಿ? ಈಗಿನ ಫೋನ್ ಅಪ್ಪಾರಿಗೆ ಕೊಡಬೇಕಂತ ಮಾಡೇನಿ.

ಉತ್ತರ: ಎರಡನೆಯದನ್ನೇ ತೆಗೆದುಕೊಳ್ಳಿ. ಆದರೆ ಅದರೊಳಗಿನ ಸ್ಟೋರೇಜ್ ಯಾವ ಜಾತಿಯದು ಎಂದು ಕೇಳಿ ಖಚಿತ ಮಾಡಿಕೊಂಡ ಮೇಲೆ ಮಾತ್ರ ದುಡ್ಡು ಎಣಿಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಅಂಗಡಿಯವರ ಮಾತಿಗೆ ಬರೋಣ. ಎರಡು ವರ್ಷಕ್ಕೆ ಫೋನ್ ಬದಲಿ ಮಾಡುತ್ತೀರಿ ಎಂದು ಅವರು ಹೇಳಿದರು, ಆದರೆ ನಿಮ್ಮ ಕೈಯಲ್ಲಿ ಇರುವುದು 2020ರ ಫೋನು. ಅದನ್ನೂ ಮೂಲೆಗೆ ಎಸೆಯುತ್ತಿಲ್ಲ, ಅಪ್ಪಾರಿಗೆ ಕೊಡುತ್ತಿದ್ದೀರಿ. ನನ್ನ ರಿಪೇರಿ ಟೇಬಲ್ ಮೇಲೆ ಬರುವ ಫೋನುಗಳದ್ದೂ ಇದೇ ಕತೆ. ಮಗ ಕೊಂಡದ್ದು ತಂದೆಗೆ, ತಂದೆಯದ್ದು ತಾಯಿಗೆ, ಕೊನೆಗೆ ಶಾಲೆಗೆ ಹೋಗುವ ಹುಡುಗಿಗೆ. ಹುಬ್ಬಳ್ಳಿಯಿಂದ ಹಾವೇರಿ, ಗದಗ ತನಕ ನಮ್ಮ ಕಡೆ ಫೋನು ಒಂದು ಮನೆಯೊಳಗೆ ಬಂದರೆ ಐದಾರು ವರ್ಷ ಹೊರಗೆ ಹೋಗುವುದಿಲ್ಲ. ಹಾಗಾಗಿ ಕೊಳ್ಳುವ ದಿನ ಹೇಗೆ ಕಾಣುತ್ತದೆ ಅನ್ನುವುದಕ್ಕಿಂತ ನಾಲ್ಕನೇ ವರ್ಷ ಹೇಗೆ ನಡೆಯುತ್ತದೆ ಅನ್ನುವುದೇ ನಮಗೆ ಮುಖ್ಯ.

ನಿಮಗೆ ಬೀಜದ ವ್ಯಾಪಾರ ಗೊತ್ತು. ಪ್ಯಾಕೆಟ್ ಎಷ್ಟು ಚೆಂದ ಇದ್ದರೂ ಸ್ಟಾಕ್ ಇಳಿಸಿಕೊಳ್ಳುವ ಮೊದಲು ವಾಯಿದೆಯ ತಾರೀಖು ನೋಡುತ್ತೀರಿ. ಫೋನಿಗೂ ಅಂಥದೊಂದು ತಾರೀಖು ಇದೆ, ಡಬ್ಬಿಯ ಮೇಲೆ ಅಚ್ಚು ಹಾಕಿರುವುದಿಲ್ಲ ಅಷ್ಟೆ. ಅದನ್ನು ನಾವೇ ಲೆಕ್ಕ ಹಾಕಿ ತೆಗೆಯಬೇಕು. ಲೆಕ್ಕ ಶುರುವಾಗುವುದು ನೀವು ಕೊಂಡ ದಿನದಿಂದ ಅಲ್ಲ, ಕಂಪನಿ ಆ ಮಾಡೆಲ್ ಬಿಡುಗಡೆ ಮಾಡಿದ ದಿನದಿಂದ. ಬಹಳ ಜನ ಎಡವುವುದು ಇಲ್ಲೇ. ದೀಪಾವಳಿ ಆಫರಿನಲ್ಲಿ ನಾಲ್ಕು ಸಾವಿರ ಕಡಿಮೆ ಆಯಿತೆಂದು ಖುಷಿಯಿಂದ ತರುತ್ತಾರೆ. ಆ ಮಾಡೆಲ್ ಎರಡು ವರ್ಷ ಹಳೆಯದು, ಮೂರು ವರ್ಷದ ಸೆಕ್ಯುರಿಟಿಯಲ್ಲಿ ಉಳಿದದ್ದು ಒಂದೇ ವರ್ಷ ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ.

ನಿಮ್ಮ ಎರಡು ಫೋನಿನ ಲೆಕ್ಕ ಮಾಡಿ ನೋಡೋಣ. ಮೊದಲನೆಯದಕ್ಕೆ ಮೂರು ವರ್ಷದ ಸೆಕ್ಯುರಿಟಿ, ಒಂದು ವರ್ಷ ಆಗಲೇ ಹೋಯಿತು, ಉಳಿದದ್ದು ಎರಡು. 17,999ನ್ನು ಎರಡರಿಂದ ಭಾಗಿಸಿದರೆ ವರ್ಷಕ್ಕೆ 9,000 ರೂಪಾಯಿ ಬೀಳುತ್ತದೆ. ಎರಡನೆಯದಕ್ಕೆ ಆರರಲ್ಲಿ ಐದು ಉಳಿದಿದೆ. 18,999ನ್ನು ಐದರಿಂದ ಭಾಗಿಸಿದರೆ 3,800. ನಡುವೆ ಒಂದು ಸಲ ಬ್ಯಾಟರಿ ಬದಲಿಸಬೇಕಾಗುತ್ತದೆ, ಅದಕ್ಕೆ ಎರಡು ಸಾವಿರ ಹಿಡಿಯಿರಿ. ಐದು ವರ್ಷ ಪೂರ್ತಿ ಬಳಸದೆ ನಾಲ್ಕೇ ವರ್ಷಕ್ಕೆ ಬಿಟ್ಟಿರಿ ಅಂತಲೇ ಇಟ್ಟುಕೊಳ್ಳಿ. ಆಗಲೂ ವರ್ಷಕ್ಕೆ 5,250 ದಾಟುವುದಿಲ್ಲ. ಸಾವಿರ ರೂಪಾಯಿ ಹೆಚ್ಚು ಕೊಟ್ಟದ್ದು ಹೆಚ್ಚಾಯಿತೇ ಅನ್ನುವ ಸಂಶಯ ಇದರಿಂದಲೇ ಹೋಗಬೇಕು.

‘ಅಪ್‌ಡೇಟ್ ಬರದಿದ್ದರೆ ಏನಾಗತೈತಿ, ಫೋನ್ ನಡೀತೈತಲ್ಲ’ ಎಂದು ನನ್ನನ್ನು ಕೇಳುವವರು ಬಹಳ. ನಡೆಯುತ್ತದೆ, ನಿಜ. ನಿಮ್ಮದೂ ನಡೆಯುತ್ತಲೇ ಇದೆ. ಆದರೆ ಅದರೊಳಗೆ ಬ್ಯಾಂಕ್ ಇದೆ, ಫೋನ್‌ಪೇ ಇದೆ, ಊರಿನ ಅರ್ಧ ರೈತರ ಉದ್ರಿ ಲೆಕ್ಕ ಇದೆ. 2015ರ ಜುಲೈನಲ್ಲಿ ಸ್ಟೇಜ್‌ಫ್ರೈಟ್ ಅನ್ನುವ ದೋಷವೊಂದು ಬಯಲಿಗೆ ಬಂತು. ಆಂಡ್ರಾಯ್ಡ್ ಫೋನಿಗೆ ಒಂದು ವಿಡಿಯೊ ಮೆಸೇಜ್ ಕಳಿಸಿದರೆ ಸಾಕಿತ್ತು, ಮಾಲೀಕ ಅದನ್ನು ತೆರೆಯದಿದ್ದರೂ ಫೋನಿನೊಳಗೆ ನುಗ್ಗಲು ದಾರಿ ಆಗುತ್ತಿತ್ತು. ಆಗಿನ ಕೋಟಿಗಟ್ಟಲೆ ಫೋನುಗಳಿಗೆ ಆ ದೋಷ ತಟ್ಟುತ್ತಿತ್ತು. ಅದಾದ ಮರು ತಿಂಗಳೇ ಗೂಗಲ್ ಮತ್ತು ಸ್ಯಾಮ್‌ಸಂಗ್ ಪ್ರತಿ ತಿಂಗಳು ಸೆಕ್ಯುರಿಟಿ ಪ್ಯಾಚ್, ಅಂದರೆ ಇಂಥ ದೋಷ ಮುಚ್ಚುವ ಸಣ್ಣ ಅಪ್‌ಡೇಟ್, ಕೊಡುವುದಾಗಿ ಹೇಳಿದವು. ಇಂದು ಫೋನುಗಳಿಗೆ ಬರುವ ತಿಂಗಳ ಪ್ಯಾಚಿನ ಪದ್ಧತಿ ಶುರುವಾದದ್ದು ಅಲ್ಲಿಂದ. ನಾನು ಅಡ್ಡಾದಿಡ್ಡಿ ಲಿಂಕ್ ಒತ್ತುವುದಿಲ್ಲ ಅನ್ನುವ ಎಚ್ಚರಿಕೆ ಒಳ್ಳೆಯದೇ, ಆದರೆ ಇಂಥ ದೋಷಗಳ ಮುಂದೆ ಆ ಎಚ್ಚರಿಕೆ ಒಂದೇ ಸಾಲುವುದಿಲ್ಲ.

ಇನ್ನು ನಮ್ಮ ಕಡೆ ಹೆಚ್ಚು ನಡೆಯುವ ಮೋಸ ಬೇರೆ. ವಾಟ್ಸಾಪ್ ಗ್ರೂಪಿನಲ್ಲಿ ‘ಮದುವೆ ಆಮಂತ್ರಣ’ ಎಂದು ಒಂದು ಫೈಲ್ ಬರುತ್ತದೆ. ಕೆಲವೊಮ್ಮೆ ಪಿಎಂ ಕಿಸಾನ್, ಕೆಲವೊಮ್ಮೆ ಟ್ರಾಫಿಕ್ ದಂಡದ ಚಲನ್. ಫೈಲಿನ ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿರುತ್ತದೆ, ಅಂದರೆ ಅದು ಕಾರ್ಡೂ ಅಲ್ಲ ಫೋಟೊನೂ ಅಲ್ಲ, ಒಂದು ಆ್ಯಪ್. ಇನ್‌ಸ್ಟಾಲ್ ಮಾಡಿದ ಕೂಡಲೇ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ, ಆಮೇಲೆ ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳುತ್ತದೆ. ಈ ಎರಡನೆಯದು ಸಿಕ್ಕರೆ ಪರದೆಯ ಮೇಲಿನ ಅಕ್ಷರ ಓದಬಹುದು, ನಿಮ್ಮ ಪರವಾಗಿ ಬಟನ್ ಒತ್ತಬಹುದು. ಕಣ್ಣು ಸರಿ ಕಾಣದವರ ಅನುಕೂಲಕ್ಕಾಗಿ ಇಟ್ಟ ಸೌಲಭ್ಯವನ್ನು ಕಳ್ಳರು ಹೀಗೆ ಬಳಸುತ್ತಾರೆ. ಓಟಿಪಿ ಅವರ ಕೈಗೆ ಹೋಗುತ್ತದೆ, ಖಾತೆ ಖಾಲಿ.

ಇಲ್ಲಿ ಆಂಡ್ರಾಯ್ಡ್ ಎಷ್ಟನೆಯದು ಅನ್ನುವುದು ನೇರವಾಗಿ ಕೆಲಸಕ್ಕೆ ಬರುತ್ತದೆ. ಹೀಗೆ ಹೊರಗಿನಿಂದ ಬಂದ ಆ್ಯಪ್‌ಗೆ ಆ್ಯಕ್ಸೆಸಿಬಿಲಿಟಿ ಅನುಮತಿ ಸುಲಭಕ್ಕೆ ಸಿಗದಂತೆ ಆಂಡ್ರಾಯ್ಡ್ 13ರಲ್ಲಿ ತಡೆ ಹಾಕಿದರು. ಅನುಮತಿಯ ಬಟನ್ ಮಸುಕಾಗಿ, ಒತ್ತಿದರೂ ಒಪ್ಪುವುದಿಲ್ಲ. ಆಂಡ್ರಾಯ್ಡ್ 15ರಲ್ಲಿ ಆ ತಡೆಯ ಪಟ್ಟಿ ಇನ್ನೂ ಬೆಳೆಯಿತು, ಜೊತೆಗೆ ನೋಟಿಫಿಕೇಶನ್ ಓದುವ ಅನುಮತಿ ಪಡೆದ ಅಪರಿಚಿತ ಆ್ಯಪ್‌ಗಳಿಗೆ ಓಟಿಪಿ ಕಾಣದಂತೆ ಮುಚ್ಚಿಡುವ ವ್ಯವಸ್ಥೆ ಬಂತು. ನಿಮ್ಮ ಆಂಡ್ರಾಯ್ಡ್ 11ರಲ್ಲಿ ಇವು ಯಾವುವೂ ಇಲ್ಲ. ಅದೇ ಫೈಲನ್ನು ಅದೇ ಮನುಷ್ಯ ಅದೇ ಅವಸರದಲ್ಲಿ ಒತ್ತಿದರೂ ಒಂದು ಫೋನಿನಲ್ಲಿ ದುಡ್ಡು ಹೋಗಬಹುದು, ಇನ್ನೊಂದರಲ್ಲಿ ತಡೆ ಬಿದ್ದು ಉಳಿಯಬಹುದು. 108 ಮೆಗಾಪಿಕ್ಸೆಲ್ ಕ್ಯಾಮೆರಾ ಈ ಕೆಲಸ ಮಾಡುವುದಿಲ್ಲ.

ಬ್ಯಾಂಕಿನ ಆ್ಯಪ್ ಎಚ್ಚರಿಸಿದ್ದಕ್ಕೂ ಮೂಲ ಇದೇ. ಆಂಡ್ರಾಯ್ಡ್ 12ಕ್ಕೆ ಗೂಗಲ್ ಸೆಕ್ಯುರಿಟಿ ಪ್ಯಾಚ್ ಕೊಡುವುದನ್ನು 2025ರ ಮಾರ್ಚ್‌ಗೆ ನಿಲ್ಲಿಸಿತು, 11ಕ್ಕೆ ಅದಕ್ಕೂ ಮೊದಲೇ ನಿಂತಿದೆ. ಫೋನು ನಂಬಿಕೆಗೆ ಅರ್ಹವೇ ಎಂದು ಆ್ಯಪ್‌ಗಳು ಗೂಗಲ್ ಅನ್ನೇ ಕೇಳಿ ತಿಳಿಯುವ ಪ್ಲೇ ಇಂಟೆಗ್ರಿಟಿ ಅನ್ನುವ ವ್ಯವಸ್ಥೆಯೂ ಇದೆ. ಆಂಡ್ರಾಯ್ಡ್ 13 ಮತ್ತು ಅದರ ಮೇಲಿನ ಫೋನುಗಳಿಗೆ ಅದರ ಅತಿ ಗಟ್ಟಿ ದರ್ಜೆ ಸಿಗಬೇಕಾದರೆ ಕಳೆದ ಒಂದು ವರ್ಷದೊಳಗೆ ಸೆಕ್ಯುರಿಟಿ ಅಪ್‌ಡೇಟ್ ಆಗಿರಲೇಬೇಕು ಎಂಬ ನಿಯಮ 2025ರ ಮೇ ತಿಂಗಳಿಂದ ಪೂರ್ತಿ ಜಾರಿಯಲ್ಲಿದೆ. ಆ ದರ್ಜೆ ಕೇಳುವುದು ಬಿಡುವುದು ಆ್ಯಪ್ ಮಾಡಿದವರ ಇಷ್ಟ. ದುಡ್ಡಿನ ಆ್ಯಪ್‌ಗಳು ದಿನದಿಂದ ದಿನಕ್ಕೆ ಬಿಗಿಯಾಗುತ್ತವೆಯೇ ಹೊರತು ಸಡಿಲ ಆಗುವುದಿಲ್ಲ ಎಂದು ಹೇಳಲು ನನಗೆ ಹಿಂಜರಿಕೆ ಇಲ್ಲ.

ಹಾಗಂತ ವಾಯಿದೆ ಮುಗಿದ ಮರುದಿನ ಫೋನು ಸತ್ತಿತು ಅಂತಲೂ ಅಲ್ಲ. ಆಂಡ್ರಾಯ್ಡ್ 10ರಿಂದ ಈಚೆಗೆ ವ್ಯವಸ್ಥೆಯ ಕೆಲವು ಭಾಗಗಳನ್ನು ಗೂಗಲ್ ಪ್ಲೇ ಮೂಲಕವೇ ಸರಿಪಡಿಸುತ್ತಾರೆ, ಅದಕ್ಕೆ ಫೋನ್ ಕಂಪನಿಯ ಹಂಗಿಲ್ಲ. ಕೆಟ್ಟ ಆ್ಯಪ್ ಹುಡುಕಿ ಹಿಡಿಯುವ ಗೂಗಲ್‌ದೇ ಪ್ಲೇ ಪ್ರೊಟೆಕ್ಟ್ ಕೂಡ ಹಳೆಯ ಫೋನಿನಲ್ಲಿ ಕೆಲಸ ಮಾಡುತ್ತಿರುತ್ತದೆ. ಆದರೆ ಚಿಪ್ಪನ್ನು ನಡೆಸುವ ಡ್ರೈವರ್, ನೆಟ್‌ವರ್ಕ್ ಹಿಡಿಯುವ ಮೋಡೆಮ್, ಆಂಡ್ರಾಯ್ಡಿನ ತಿರುಳಾದ ಕರ್ನಲ್ ಇವುಗಳ ದೋಷ ಆ ದಾರಿಯಿಂದ ಸರಿಹೋಗುವುದಿಲ್ಲ. ಚಿಪ್ ಮಾಡಿದ ಕ್ವಾಲ್ಕಾಮ್ ಅಥವಾ ಮೀಡಿಯಾಟೆಕ್ ಮೊದಲು ಸರಿ ಮಾಡಿ ಕೊಡಬೇಕು, ಫೋನ್ ಕಂಪನಿ ಅದನ್ನು ತನ್ನ ಮಾಡೆಲ್‌ಗೆ ಹೊಂದಿಸಿ ಪರೀಕ್ಷೆ ಮಾಡಿ ಕಳಿಸಬೇಕು. ಈ ಸರಪಳಿಯಲ್ಲಿ ಯಾರೊಬ್ಬರು ಕೈ ಬಿಟ್ಟರೂ ನಿಮಗೆ ಬರುವುದು ನಿಲ್ಲುತ್ತದೆ. ಮುಂಚೆ ಎರಡು-ಮೂರು ವರ್ಷಕ್ಕೇ ಎಲ್ಲರೂ ಕೈ ಎತ್ತುತ್ತಿದ್ದರು. 2023ರ ಅಕ್ಟೋಬರ್‌ನಲ್ಲಿ ಗೂಗಲ್‌ನ ಪಿಕ್ಸೆಲ್ 8ಕ್ಕೆ ಏಳು ವರ್ಷ, 2024ರ ಜನವರಿಯಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷ ಎಂಬ ಮಾತು ಬಂದ ಮೇಲೆ ಗಾಳಿ ತಿರುಗಿತು. ಅದೇ ವರ್ಷದ ಕೊನೆಗೆ ಬಂದ ಗ್ಯಾಲಕ್ಸಿ ಎ16 5ಜಿಗೆ ಆರು ವರ್ಷ ಅಂದರು, ಅದರ ಆರಂಭದ ಬೆಲೆ ಆಗ ಇಪ್ಪತ್ತು ಸಾವಿರದ ಒಳಗಿತ್ತು. ನಮ್ಮಂಥವರ ಬಜೆಟ್ಟಿಗೆ ಈ ಸೌಲಭ್ಯ ಇಳಿದದ್ದು ಆಗ. ಆಪಲ್ ಮೊದಲಿನಿಂದಲೂ ಈ ವಿಷಯದಲ್ಲಿ ಮುಂದೆ: 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಸೆಕ್ಯುರಿಟಿ ಅಪ್‌ಡೇಟ್ ಕೊಟ್ಟಿದ್ದಾರೆ.

ಕಂಪನಿಯ ಹೆಸರು ನೋಡಿ ಮಾತ್ರ ನಂಬಬೇಡಿ, ಮಾಡೆಲ್ ನೋಡಿ. ಏಳು ವರ್ಷ ಕೊಡುವ ಸ್ಯಾಮ್‌ಸಂಗ್‌ದೇ ಎಂ06, ಎಫ್06 5ಜಿಗೆ ನಾಲ್ಕು ವರ್ಷ. ಯುರೋಪಿನಲ್ಲಿ 2025ರ ಜೂನ್ 20ರಿಂದ ಒಂದು ನಿಯಮ ಬಂದಿದೆ: ಮಾಡೆಲ್ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಸಿಗಬೇಕು. ನಮ್ಮಲ್ಲಿ ಅಂಥ ಕಡ್ಡಾಯ ಇಲ್ಲ. ಅದಕ್ಕೇ ಯೂಟ್ಯೂಬಿನಲ್ಲಿ ಯಾರೋ ವಿದೇಶದವರು ಹೇಳಿದ ವರ್ಷ ನಂಬದೆ, ಕಂಪನಿಯ ಭಾರತದ ವೆಬ್‌ಸೈಟಿನಲ್ಲಿ ಆ ಮಾಡೆಲ್ ಪುಟ ತೆಗೆದು ಓದಿ. ಎರಡು ಸಂಖ್ಯೆ ಇರುತ್ತವೆ. ಒಂದು ಹೊಸ ಆಂಡ್ರಾಯ್ಡ್ ಎಷ್ಟು ಸಲ ಬರುತ್ತದೆ ಎಂಬುದು, ಇನ್ನೊಂದು ಸೆಕ್ಯುರಿಟಿ ಎಷ್ಟು ವರ್ಷ ಎಂಬುದು. ನಿಮ್ಮಂಥ ವ್ಯಾಪಾರಸ್ಥರಿಗೆ ಎರಡನೆಯದೇ ಹೆಚ್ಚು ತೂಕದ್ದು. ಮತ್ತೆ ವರ್ಷ ಎಷ್ಟು ಎಂಬುದರ ಜೊತೆ ಎಷ್ಟು ದಿನಕ್ಕೊಮ್ಮೆ ಎಂಬುದೂ ಉಂಟು. ದುಬಾರಿ ಫೋನಿಗೆ ತಿಂಗಳಿಗೊಮ್ಮೆ ಬಂದರೆ ಅಗ್ಗದ್ದಕ್ಕೆ ಮೂರು ತಿಂಗಳಿಗೊಮ್ಮೆ, ಹಳತಾದಂತೆ ವರ್ಷಕ್ಕೆ ಎರಡೇ ಸಲ ಬರುವುದುಂಟು. ಮೂರು ತಿಂಗಳಿಗೊಮ್ಮೆ ಬಂದರೂ ಸಾಕು, ಪೂರ್ತಿ ನಿಲ್ಲಬಾರದು.

ಅಂಗಡಿಯಲ್ಲಿ ನಿಂತೇ ಒಂದು ಪರೀಕ್ಷೆ ಮಾಡಬಹುದು. ಡೆಮೊ ಪೀಸ್ ಕೈಗೆ ತೆಗೆದುಕೊಂಡು ಸೆಟ್ಟಿಂಗ್ಸ್‌ಗೆ ಹೋಗಿ. ಕೆಳಗೆ ಅಬೌಟ್ ಫೋನ್, ಅದರೊಳಗೆ ಆಂಡ್ರಾಯ್ಡ್ ವರ್ಷನ್ ಅಥವಾ ಸಾಫ್ಟ್‌ವೇರ್ ಇನ್ಫರ್ಮೇಶನ್. ಅಲ್ಲಿ ‘ಆಂಡ್ರಾಯ್ಡ್ ಸೆಕ್ಯುರಿಟಿ ಅಪ್‌ಡೇಟ್’ ಎಂದು ಒಂದು ತಾರೀಖು ಇರುತ್ತದೆ. ಅದು ಎಂಟು-ಹತ್ತು ತಿಂಗಳು ಹಳೆಯದಾಗಿದ್ದರೆ ಎರಡು ಅರ್ಥ. ಒಂದೋ ಡೆಮೊ ಪೀಸಿಗೆ ಇಂಟರ್ನೆಟ್ ಕೊಟ್ಟಿಲ್ಲ, ಇಲ್ಲವೇ ಕಂಪನಿ ಹೇಳಿದ್ದೊಂದು ಮಾಡಿದ್ದೊಂದು. ನಿಮ್ಮ ಫೋನಿನ ಹಾಟ್‌ಸ್ಪಾಟ್ ಹಚ್ಚಿ ‘ಚೆಕ್ ಫಾರ್ ಅಪ್‌ಡೇಟ್’ ಒತ್ತಿ ನೋಡಿ, ಡೌನ್‌ಲೋಡ್ ಮಾಡುವುದು ಬೇಡ. ಹೊಸದು ಇದೆ ಎಂದು ತೋರಿಸಿದರೆ ಸಮಾಧಾನ. ‘ಯುವರ್ ಸಾಫ್ಟ್‌ವೇರ್ ಈಸ್ ಅಪ್ ಟು ಡೇಟ್’ ಎಂದು ಬಂದು ತಾರೀಖು ಮಾತ್ರ ಕಳೆದ ವರ್ಷದ್ದಾಗಿದ್ದರೆ ಫೋನು ಕೆಳಗಿಟ್ಟು ಹೊರಗೆ ಬನ್ನಿ.

ಈಗ ಹಾರ್ಡ್‌ವೇರ್. ಅದನ್ನು ನಾನು ಹಗುರ ಮಾಡುತ್ತಿಲ್ಲ. ಸಾಫ್ಟ್‌ವೇರ್ ಆಮೇಲೂ ಬಂದು ಸೇರಬಹುದು, ಆದರೆ ಕೊಂಡ ದಿನ ಫೋನಿನೊಳಗೆ ಇಲ್ಲದ ಬಿಡಿಭಾಗ ಮುಂದೆಂದೂ ಬರುವುದಿಲ್ಲ. ಹಾಗೇ ಬಿಡಿಭಾಗ ಇದ್ದೂ ಸಾಫ್ಟ್‌ವೇರ್ ಬರದಿದ್ದರೆ ಅದೂ ವ್ಯರ್ಥವೇ. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಶುರುವಾಯಿತು. 5ಜಿ ಮೋಡೆಮ್ ಇದ್ದ ಐಫೋನುಗಳನ್ನು ಜನ ಎರಡು ವರ್ಷದಿಂದ ಕಿಸೆಯಲ್ಲಿ ಇಟ್ಟುಕೊಂಡಿದ್ದರೂ ಅವುಗಳಲ್ಲಿ 5ಜಿ ಎಲ್ಲರಿಗೂ ತೆರೆದದ್ದು ಡಿಸೆಂಬರ್‌ನಲ್ಲಿ ಐಫೋನಿನ ಅಪ್‌ಡೇಟ್ ಐಒಎಸ್ 16.2 ಬಂದ ಮೇಲೆ. ಹಲವು ಆಂಡ್ರಾಯ್ಡ್ ಫೋನುಗಳೂ ಹಾಗೇ ಅಪ್‌ಡೇಟಿಗೆ ಕಾದವು. ಆಗ ಅಪ್‌ಡೇಟ್ ಕೊಡುವ ಕಂಪನಿ ಬೆನ್ನಿಗಿದ್ದವರಿಗೆ 5ಜಿ ಬಂತು.

ಆದ್ದರಿಂದ ನನ್ನ ದಾರಿ ಇದು: ಹಾರ್ಡ್‌ವೇರಿಗೆ ಒಂದು ಕನಿಷ್ಠ ಗೆರೆ ಎಳೆಯಿರಿ. ಆ ಗೆರೆಗಿಂತ ಕೆಳಗಿದ್ದರೆ ಹತ್ತು ವರ್ಷ ಅಪ್‌ಡೇಟ್ ಕೊಟ್ಟರೂ ಬೇಡ. ಗೆರೆ ದಾಟಿದ ಮೇಲೆ ಉಳಿದ ಪ್ರತಿ ರೂಪಾಯಿಯನ್ನೂ ವರ್ಷಗಳಿಗೆ ಹಾಕಿ, ಮೆಗಾಪಿಕ್ಸೆಲ್ಲಿಗೆ ಬೇಡ.

ಗೆರೆಯಲ್ಲಿ ಮೊದಲು ಬರುವುದು ಸ್ಟೋರೇಜ್. ಜಾಹೀರಾತಿನಲ್ಲಿ ಯಾರೂ ಹೇಳದ, ಆದರೆ ಮೂರನೇ ವರ್ಷ ಫೋನಿನ ಹಣೆಬರಹ ನಿರ್ಧರಿಸುವ ಭಾಗ ಅದು. 128 ಜಿಬಿ ಎಂದು ಎರಡು ಡಬ್ಬಿಗಳ ಮೇಲೂ ಬರೆದಿರಬಹುದು, ಒಳಗೆ ಒಂದರಲ್ಲಿ ಇಎಂಎಂಸಿ, ಇನ್ನೊಂದರಲ್ಲಿ ಯುಎಫ್‌ಎಸ್ ಇರಬಹುದು. ಇಎಂಎಂಸಿ 5.1 ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 300 ಎಂಬಿ ಓದಿದರೆ ಯುಎಫ್‌ಎಸ್ 2.2 ಸಾವಿರ ಎಂಬಿಯ ಹತ್ತಿರ ಓದುತ್ತದೆ. ಹೊಸದರಲ್ಲಿ ಎರಡರ ಫರಕು ಅಷ್ಟು ಗೊತ್ತಾಗುವುದಿಲ್ಲ. ವಾಟ್ಸಾಪಿನ ಗುಡ್ ಮಾರ್ನಿಂಗ್ ಫೋಟೊ, ವಿಡಿಯೊ ತುಂಬಿ, ಮೇಲೆ ಎರಡು ಆಂಡ್ರಾಯ್ಡ್ ವರ್ಷನ್ ಬಂದು ಕೂತ ಮೇಲೆ ಇಎಂಎಂಸಿ ಫೋನು ಉಸಿರುಗಟ್ಟುತ್ತದೆ. ಗಿರಾಕಿ ಎದುರಿಗೆ ನಿಂತಿರುತ್ತಾನೆ, ಕ್ಯೂಆರ್ ತೋರಿಸಬೇಕು, ಆ್ಯಪ್ ತೆರೆಯುವುದೇ ಇಲ್ಲ. ‘ಅಪ್‌ಡೇಟ್ ಮಾಡಿದ ಮ್ಯಾಲೆ ಸ್ಲೋ ಆತ್ರಿ’ ಎಂದು ನನ್ನ ಹತ್ತಿರ ಬರುವ ಫೋನುಗಳಲ್ಲಿ ಬಹಳಷ್ಟು ಇಂಥವೇ. ಅದಕ್ಕೇ ಮೊದಲೇ ಹೇಳಿದೆ, ಎರಡನೇ ಫೋನಿನ ಸ್ಟೋರೇಜ್ ಯುಎಫ್‌ಎಸ್ ಹೌದೋ ಅಲ್ಲವೋ ಕೇಳಿ. ಅಂಗಡಿಯವರಿಗೆ ಗೊತ್ತಿರದಿದ್ದರೆ ಕಂಪನಿಯ ವೆಬ್‌ಸೈಟ್ ನೋಡಿ, ಅಲ್ಲಿಯೂ ಇಲ್ಲದಿದ್ದರೆ ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿ ಕೇಳಿ. ಇಎಂಎಂಸಿ ಎಂದರೆ ಆರು ವರ್ಷದ ಆಸೆ ಬಿಟ್ಟು, ಅದೇ ಬೆಲೆಗೆ ನಾಲ್ಕೈದು ವರ್ಷ ಕೊಡುವ ಯುಎಫ್‌ಎಸ್ ಫೋನು ಹುಡುಕಿ.

ರ‍್ಯಾಮ್ 8 ಜಿಬಿ ಇರಲಿ, ಅದಕ್ಕಿಂತ ಕಡಿಮೆ ಬೇಡ. ಮೊದಲ ಫೋನಿನ ಡಬ್ಬಿಯ 16ನ್ನು ಹತ್ತಿರದಿಂದ ನೋಡಿ, ಸಣ್ಣ ಅಕ್ಷರದಲ್ಲಿ 8+8 ಎಂದಿರುತ್ತದೆ. ಎರಡನೇ 8 ನಿಜವಾದ ರ‍್ಯಾಮ್ ಅಲ್ಲ, ಸ್ಟೋರೇಜಿನ ಒಂದು ಪಾಲನ್ನು ರ‍್ಯಾಮ್ ಥರ ಬಳಸುವುದು. ಸ್ಟೋರೇಜ್ ರ‍್ಯಾಮಿಗಿಂತ ಎಷ್ಟೋ ಪಟ್ಟು ನಿಧಾನ. ಹಾಗಾಗಿ ಈ ವಿಷಯದಲ್ಲಿ ನಿಮ್ಮ ಎರಡೂ ಫೋನು ಸಮ.

ಕ್ಯಾಮೆರಾ ನಿಮ್ಮ ಧಂದೆಗೆ ನಿಜಕ್ಕೂ ಬೇಕು ಅನ್ನುವುದು ನನಗೆ ಗೊತ್ತು. ರೈತರು ಮೆಣಸಿನಕಾಯಿ ಎಲೆ ಹರಿದು ತಂದು ‘ಇದಕ್ಕ ಏನ್ ಹೊಡೀಬೇಕ್ರಿ’ ಅಂದಾಗ ಫೋಟೊ ತೆಗೆದು ಕೃಷಿ ವಿಜ್ಞಾನ ಕೇಂದ್ರದವರಿಗೋ ಕಂಪನಿಯ ಪ್ರತಿನಿಧಿಗೋ ಕಳಿಸುತ್ತೀರಿ. ಎಲೆ ಮೇಲಕ್ಕೆ ಮುದುಡಿದೆಯೋ ಕೆಳಕ್ಕೆ ಮುದುಡಿದೆಯೋ ಎಂಬುದರ ಮೇಲೆ ಥ್ರಿಪ್ಸ್ ಕೀಟ ಹೌದೋ ಮೈಟ್ ನುಸಿ ಹೌದೋ ತೀರ್ಮಾನ ಆಗುತ್ತದೆ, ಔಷಧ ಬೇರೆ ಬೇರೆ. ಫೋಟೊ ಮಸುಕಾದರೆ ರೈತನ ದುಡ್ಡು ಹೊಲದ ಪಾಲು. ಆದರೆ ಆ ಫೋಟೊಕ್ಕೆ 108 ಮೆಗಾಪಿಕ್ಸೆಲ್ ಬೇಕಾಗಿಲ್ಲ. 108ರ ಸೆನ್ಸರ್ ಸಾಮಾನ್ಯ ಮೋಡಿನಲ್ಲಿ ಒಂಬತ್ತು ಪಿಕ್ಸೆಲ್ ಕೂಡಿಸಿ ಒಂದು ಮಾಡಿ 12 ಮೆಗಾಪಿಕ್ಸೆಲ್ ಫೋಟೊ ಕೊಡುತ್ತದೆ, 50ರದ್ದು ನಾಲ್ಕು ಕೂಡಿಸಿ 12.5 ಕೊಡುತ್ತದೆ. ಕಳಿಸುವ ಫೋಟೊ ಕೊನೆಗೆ ಒಂದೇ ಅಳತೆ, ವಾಟ್ಸಾಪ್ ಅದನ್ನೂ ಇನ್ನಷ್ಟು ಕುಗ್ಗಿಸುತ್ತದೆ. 2 ಮೆಗಾಪಿಕ್ಸೆಲ್ ಮ್ಯಾಕ್ರೊ ಎಂದು ಹಿಂದೆ ಒಂದು ಕಣ್ಣು ಹೆಚ್ಚಿಟ್ಟಿರುತ್ತಾರೆ, ಎಲೆಯ ಫೋಟೊಕ್ಕೆ ಅದನ್ನು ಬಳಸಬೇಡಿ. ಮುಖ್ಯ ಕ್ಯಾಮೆರಾದಲ್ಲಿ 2ಎಕ್ಸ್ ಒತ್ತಿ, ಒಂದು ಅಡಿ ಹಿಂದೆ ಸರಿದು, ಎಲೆಯ ಮೇಲೆ ಬೆರಳು ಮುಟ್ಟಿಸಿ ಫೋಕಸ್ ಆಗುವ ತನಕ ತಡೆದು ತೆಗೆಯಿರಿ. ನೆರಳಿನಲ್ಲಿ, ಎಲೆಯ ಕೆಳಮೈಯದ್ದೂ ಒಂದು ತೆಗೆಯಿರಿ, ಥ್ರಿಪ್ಸ್ ಅಡಗುವುದು ಅಲ್ಲೇ. ಕಳಿಸುವಾಗ ಎಚ್‌ಡಿ ಎಂದು ಒತ್ತಿ. ಇಷ್ಟು ಮಾಡಿದರೆ ನಿಮ್ಮ ಸಪ್ಪಗಿನ ಫೋನು ಸಾಕು.

ಬ್ಯಾಂಡ್, ಅಂದರೆ ಫೋನು ಸಿಗ್ನಲ್ ಹಿಡಿಯುವ ತರಂಗದ ಪಟ್ಟಿ, ಅದರ ಬಗ್ಗೆ ಯಾರೂ ಕೇಳುವುದಿಲ್ಲ, ಹಳ್ಳಿ ಕಡೆ ತಿರುಗುವವರು ಕೇಳಬೇಕು. ಜಿಯೊ 5ಜಿ ಗೋಡೆಯೊಳಗೆ, ದೂರದ ಹೊಲದಲ್ಲಿ ಸಿಗಬೇಕಾದರೆ ಎನ್28, ಅಂದರೆ 700 ಮೆಗಾಹರ್ಟ್ಸ್ ಬೇಕು. ಎನ್78 ಜಿಯೊ, ಏರ್‌ಟೆಲ್ ಎರಡಕ್ಕೂ ಬೇಕು. ಬಿಎಸ್ಸೆನ್ನೆಲ್ 4ಜಿ ಬಳಸುವುದಾದರೆ ಬ್ಯಾಂಡ್ 28 ಮತ್ತು ಬ್ಯಾಂಡ್ 1 ಇರಲಿ. ಹೊಸ ಫೋನುಗಳಲ್ಲಿ ಸಾಮಾನ್ಯವಾಗಿ ಇವು ಇರುತ್ತವೆ, ಆದರೂ ನೋಡಿಕೊಳ್ಳಿ. ಇದನ್ನು ಯಾವ ಅಪ್‌ಡೇಟೂ ಆಮೇಲೆ ಸೇರಿಸಿ ಕೊಡುವುದಿಲ್ಲ.

ಬ್ಯಾಡಗಿಯಲ್ಲಿ ಇನ್ನೊಂದು ಚಿಂತೆ ಧೂಳು. ಸುಗ್ಗಿಯಲ್ಲಿ ಮೆಣಸಿನಕಾಯಿ ಧೂಳು ಚಾರ್ಜಿಂಗ್ ಕಿಂಡಿ, ಸ್ಪೀಕರ್ ಜಾಲಿಗಳಲ್ಲಿ ಹೋಗಿ ಕೂತಿರುತ್ತದೆ. ಆ ಕಡೆಯ ಫೋನು ಬಿಚ್ಚಿದರೆ ನನಗೂ ಸೀನು ಬರುತ್ತದೆ. ಧೂಳು-ನೀರಿನ ರಕ್ಷಣೆಯ ಗುರುತು ಐಪಿ54 ಎಂದಿದ್ದರೆ ಮೊದಲ ಅಂಕಿ 5 ಧೂಳಿನದು, ಅಂದರೆ ಅಲ್ಪಸ್ವಲ್ಪ ಒಳಗೆ ಹೋದರೂ ಕೆಲಸ ಕೆಡದಷ್ಟು ರಕ್ಷಣೆ. 6 ಎಂದಿದ್ದರೆ ಧೂಳು ಒಳಗೆ ಹೋಗುವುದೇ ಇಲ್ಲ. ಸಿಕ್ಕರೆ 6 ಒಳ್ಳೆಯದು, ಈ ಬೆಲೆಗೆ 5 ಕೂಡ ನಡೆಯುತ್ತದೆ. ಯಾವ ಸಂಖ್ಯೆಯೂ ಇಲ್ಲದ ಫೋನು ಮಾತ್ರ ನಿಮ್ಮ ಊರಿಗೆ ಬೇಡ.

67 ವ್ಯಾಟ್ ಚಾರ್ಜರ್ ಅನುಕೂಲದ್ದು, ಒಪ್ಪುತ್ತೇನೆ. ಕರೆಂಟ್ ಬಂದ ಅರ್ಧ ಗಂಟೆಯಲ್ಲಿ ಬ್ಯಾಟರಿ ಬಹುಪಾಲು ತುಂಬಿಬಿಡುತ್ತದೆ. ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುವವರಿಗೆ ಅದು ಅಷ್ಟು ಅಗತ್ಯ ಅನ್ನಿಸದು, ರಾತ್ರಿ ಹಚ್ಚಿದರೆ 25 ವ್ಯಾಟ್ ಸಾಕು. ಎರಡನೇ ಫೋನಿನ ಡಬ್ಬಿಯಲ್ಲಿ ಚಾರ್ಜರ್ ಇದೆಯೋ ಇಲ್ಲವೋ ಕೇಳಿಕೊಳ್ಳಿ, ಇಲ್ಲದಿದ್ದರೆ ಆ ಖರ್ಚೂ ಹಿಡಿಯಿರಿ. ಬ್ಯಾಟರಿಯ ದೊಡ್ಡ ವೈರಿ ಬಿಸಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಬೈಕಿನ ಟ್ಯಾಂಕ್ ಕವರ್ ಒಳಗೆ ಇಟ್ಟು ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡುವುದು ಬಿಟ್ಟರೆ ಅದರ ಆಯುಷ್ಯ ಬೆಳೆಯುತ್ತದೆ. ಕಂಪನಿಯ ಸರ್ವಿಸ್ ಸೆಂಟರ್ ಹಾವೇರಿಯಲ್ಲಿ ಇಲ್ಲದಿದ್ದರೂ ಹುಬ್ಬಳ್ಳಿಯಲ್ಲಿ ಇರಬೇಕು. ಮೂರನೇ ವರ್ಷ ಅಸಲಿ ಬ್ಯಾಟರಿ ಅಲ್ಲೇ ಹಾಕಿಸಿ.

ಅಪ್‌ಡೇಟ್ ಎಂದರೆ ಹೆದರುವವರ ಬಗ್ಗೆಯೂ ಒಂದು ಮಾತು, ಯಾಕೆಂದರೆ ಆರು ವರ್ಷ ಕೊಡುವ ಫೋನು ಕೊಂಡು ಅಪ್‌ಡೇಟ್ ಬಂದ್ ಮಾಡಿಟ್ಟವರನ್ನು ನೋಡಿದ್ದೇನೆ. ಹೆದರಿಕೆಗೆ ಕಾರಣ ಇಲ್ಲದಿಲ್ಲ. 2017ರ ಡಿಸೆಂಬರ್‌ನಲ್ಲಿ ಆಪಲ್ ಕಂಪನಿಯೇ ಒಪ್ಪಿಕೊಂಡಿತು: ಬ್ಯಾಟರಿ ಸವೆದ ಹಳೆಯ ಐಫೋನುಗಳು ತಟ್ಟನೆ ಬಂದ್ ಆಗದಿರಲೆಂದು ಅಪ್‌ಡೇಟ್ ಮೂಲಕ ವೇಗ ತಗ್ಗಿಸಿದ್ದೇವೆ ಎಂದು. ಬ್ಯಾಟರಿ ಬದಲಿಸಿದರೆ ವೇಗ ಮರಳುತ್ತಿತ್ತು. ಅಪ್‌ಡೇಟ್ ಆದ ಮರುದಿನ ಪರದೆಯ ಮೇಲೆ ಹಸಿರು ಗೆರೆ ಬಿದ್ದ ಫೋನುಗಳು ನನ್ನ ಟೇಬಲ್ ಮೇಲೂ ಬಂದಿವೆ. ಕಂಪನಿ ಯಾವುದೇ ಇರಲಿ, ವಾರಂಟಿ ಮುಗಿದಿದ್ದರೂ ಅಂಥದ್ದಕ್ಕೆ ಸರ್ವಿಸ್ ಸೆಂಟರಿಗೆ ಹೋಗಿ ಲಿಖಿತ ದೂರು ಕೊಟ್ಟೇ ಬನ್ನಿ. ನನ್ನ ಸಲಹೆ ಇಷ್ಟು: ಸೆಕ್ಯುರಿಟಿ ಪ್ಯಾಚ್ ಬಂದ ವಾರದೊಳಗೆ ಹಾಕಿ. ಹೊಸ ಆಂಡ್ರಾಯ್ಡ್ ವರ್ಷನ್ ಬಂದರೆ ಎರಡು ಮೂರು ವಾರ ಕಾಯಿರಿ, ಬೇರೆಯವರ ಅನುಭವ ಕೇಳಿ, ಬ್ಯಾಕಪ್ ತೆಗೆದು, ಸ್ಟೋರೇಜ್ ಖಾಲಿ ಮಾಡಿ, ತಂಪು ಹೊತ್ತಿನಲ್ಲಿ ಹಾಕಿ. ಮೊದಲ ಒಂದೆರಡು ದಿನ ಫೋನು ಬಿಸಿಯಾಗಿ ನಿಧಾನ ಆಗುತ್ತದೆ, ಒಳಗೆ ಆ್ಯಪ್‌ಗಳನ್ನು ಹೊಸದಾಗಿ ಹೊಂದಿಸಿಕೊಳ್ಳುತ್ತಿರುತ್ತದೆ, ಗಾಬರಿ ಬೇಡ.

ನಿಮ್ಮ ಹುಡುಗನ ಮಾತಿನಲ್ಲೂ ಹುರುಳಿದೆ. ಹಳೆಯ ಪ್ರೀಮಿಯಂ ಫೋನಿನ ಸ್ಟೋರೇಜ್, ಕ್ಯಾಮೆರಾ, ಪರದೆ ಇಂದಿನ ಅಗ್ಗದ ಫೋನಿಗಿಂತ ಉತ್ತಮ. ಆದರೆ ಅಲ್ಲಿಯೂ ವಾಯಿದೆಯದ್ದೇ ಲೆಕ್ಕ. 2021ರ ಜನವರಿಯಲ್ಲಿ ಬಂದ ಗ್ಯಾಲಕ್ಸಿ ಎಸ್21ಕ್ಕೆ ಸೆಕ್ಯುರಿಟಿ ಐದು ವರ್ಷ, ಅಂದರೆ 2026ರ ಆರಂಭಕ್ಕೆ ಮುಗಿಯಿತು. ಅಷ್ಟು ಒಳ್ಳೆಯ ಹಾರ್ಡ್‌ವೇರ್, ಬ್ಯಾಂಕಿನ ಕೆಲಸಕ್ಕೆ ಮಾತ್ರ ನಾನು ಹೇಳಲಾರೆ. ಐಫೋನಿನಲ್ಲಿ 2018ರ ಎಕ್ಸ್‌ಆರ್‌ಗೆ ಐಒಎಸ್ 26 ಬರಲಿಲ್ಲ, 2019ರ ಐಫೋನ್ 11ಕ್ಕೆ ಬಂತು. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದೇ ಆದರೆ ಕನಿಷ್ಠ ಮೂರು ವರ್ಷ ವಾಯಿದೆ ಉಳಿದದ್ದು ಇರಲಿ, ಬ್ಯಾಟರಿ ಬದಲಿಸುವ ಖರ್ಚು ಮೊದಲೇ ಕಳೆದು ಬೆಲೆ ಕಟ್ಟಿ. ಬಿಲ್ ಇಲ್ಲದ ಫೋನು ಬೇಡವೇ ಬೇಡ. ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿದರೆ ಪ್ರತಿ ಫೋನಿಗೂ ಬೇರೆಯಾಗಿರುವ ಐಎಂಇಐ ನಂಬರ್ ಬರುತ್ತದೆ, ಕೆವೈಎಂ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಒಂದು ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಕಳವಿನದು ಎಂದು ಬ್ಲಾಕ್ ಆಗಿದ್ದರೆ ಉತ್ತರದಲ್ಲಿ ತಿಳಿಯುತ್ತದೆ.

ಕೊನೆಯದಾಗಿ ಅಪ್ಪಾರಿಗೆ ಕೊಡುವ ಫೋನು. ಕೊಡಿ, ಅದರಲ್ಲಿ ತಪ್ಪಿಲ್ಲ. ವಾಟ್ಸಾಪಿನಲ್ಲಿ ಮೊಮ್ಮಕ್ಕಳ ಮುಖ ನೋಡಲು, ಭಜನೆ, ಸುದ್ದಿ ಕೇಳಲು ಆಂಡ್ರಾಯ್ಡ್ 11 ಇನ್ನೂ ನಡೆಯುತ್ತದೆ. ಕೊಡುವ ಮೊದಲು ನಿಮ್ಮ ಬ್ಯಾಂಕ್, ಯುಪಿಐ ಆ್ಯಪ್‌ಗಳಿಂದ ಹೊರಬಂದು, ಗೂಗಲ್ ಖಾತೆ ತೆಗೆದು, ಫ್ಯಾಕ್ಟರಿ ರಿಸೆಟ್ ಮಾಡಿ. ಪ್ಲೇ ಪ್ರೊಟೆಕ್ಟ್ ಚಾಲೂ ಇದೆಯೋ ನೋಡಿ. ವಾಟ್ಸಾಪಿಗೆ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಅನುಮತಿ ಇದ್ದರೆ ತೆಗೆದುಬಿಡಿ, ಎಪಿಕೆ ಫೈಲ್ ಒತ್ತಿದರೂ ನೇರವಾಗಿ ಇನ್‌ಸ್ಟಾಲ್ ಆಗುವುದಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಸಿಮ್. ಅಪ್ಪಾರ ಬ್ಯಾಂಕ್ ಖಾತೆಗೆ, ಪಿಎಂ ಕಿಸಾನ್ ದುಡ್ಡು ಬರುವ ಖಾತೆಗೆ ಜೋಡಿಸಿದ ನಂಬರಿನ ಸಿಮ್ ಈ ಹಳೆಯ ಫೋನಿನಲ್ಲಿ ಹಾಕಬೇಡಿ. ಆ ಸಿಮ್ ಅವರ ಕೀಪ್ಯಾಡ್ ಫೋನಿನಲ್ಲೇ ಇರಲಿ, ಓಟಿಪಿ ಅಲ್ಲಿಗೇ ಬರಲಿ. ಹಳೆಯ ಸ್ಮಾರ್ಟ್‌ಫೋನಿಗೆ ಬೇರೆ ಸಿಮ್ ಹಾಕಿ, ಇಲ್ಲವೇ ಮನೆಯ ವೈಫೈ ಹಚ್ಚಿಕೊಡಿ. ಖಾತೆಯಲ್ಲಿ ಎಷ್ಟಿದೆ ಎಂದು ನೋಡಬೇಕೆನಿಸಿದಾಗ ಕೀಪ್ಯಾಡ್ ಫೋನಿನಲ್ಲೇ ಸ್ಟಾರ್ 99 ಹ್ಯಾಶ್ ಒತ್ತಿ ನೋಡುವುದನ್ನು ಒಂದು ಸಲ ಜೊತೆ ಕೂತು ತೋರಿಸಿಕೊಡಿ, ಅದಕ್ಕೆ ಇಂಟರ್ನೆಟ್ ಕೂಡ ಬೇಕಾಗುವುದಿಲ್ಲ.